ಕೆಮಿಕಲ್ ಓದಿ ಮೇಷ್ಟ್ರಾಗ್ತೀನಿ ಅಂದ್ರೆ ತಪ್ಪಾ?

ಪ್ರಶ್ನೆ: ಸರ್, ನಾನು ದಾವಣಗೆರೆಯವಳು. ಕೆಮಿಕಲ್ ಎಂಜಿನಿಯರಿಂಗ್ ಕೊನೇ ವರ್ಷ, ಸಿಜಿಪಿಎ 8.4. ಅಪ್ಪನದು ಮಂಡಕ್ಕಿ ಭಟ್ಟಿ. ಕ್ಯಾಂಪಸ್ ಸೆಲೆಕ್ಷನ್‌ನಲ್ಲಿ ಒಂದು ಸಾಫ್ಟ್‌ವೇರ್ ಕಂಪನಿ ಆಫರ್ ಕೊಟ್ಟಿದೆ, ವರ್ಷಕ್ಕೆ 4 ಲಕ್ಷ. ಆದರೆ ಮಾಸ್ ಟ್ರಾನ್ಸ್‌ಫರ್ ಕ್ಲಾಸಿನಲ್ಲಿ ನಮ್ಮ ಮೇಡಂ ಮುಂಬೈನ ಪ್ರೊಫೆಸರ್ ಎಂ. ಎಂ. ಶರ್ಮಾ ಅವರ ಕಥೆ ಹೇಳಿದಾಗಿನಿಂದ ನನಗೆ ಅದೇ ಗುಂಗು. 27ನೇ ವಯಸ್ಸಿಗೇ ಪ್ರೊಫೆಸರ್ ಆದರಂತೆ. ನನಗೂ ರಿಸರ್ಚ್ ಮಾಡಬೇಕು, ಪಾಠ ಮಾಡಬೇಕು ಅಂತ ಆಸೆ. ಮನೆಯಲ್ಲಿ ಹೇಳಿದರೆ ಮಾವ, "ಬೇರೆ ಕೆಲಸ ಸಿಗದವರು ಮೇಷ್ಟ್ರಾಗ್ತಾರೆ, ನಿನಗೆ ಕೈಯಲ್ಲೇ ಕೆಲಸ ಇದೆಯಲ್ಲ" ಅಂತಾರೆ. ಪಿಎಚ್.ಡಿ. ಮುಗಿಯೋ ಹೊತ್ತಿಗೆ 28 ಆಗುತ್ತೆ. ವಿದೇಶದಲ್ಲಿ ಮಾಡದಿದ್ದರೆ ಬೆಲೆ ಇಲ್ಲ ಅಂತ ಸೀನಿಯರ್‌ಗಳು ಹೇಳ್ತಾರೆ, ಅಷ್ಟು ದುಡ್ಡು ನಮ್ಮಲ್ಲಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಮೇಲ್ನೋಟಕ್ಕೆ ದುಡ್ಡು ಮತ್ತು ವಯಸ್ಸಿನ ಚಿಂತೆ. ಆದರೆ ಸಿಜಿಪಿಎ ಮೊದಲನೇ ಸಾಲಿಗೇ ಬಂದುಬಿಟ್ಟಿದೆ ನೋಡಿ, ಅಲ್ಲಿ ಇನ್ನೊಂದು ಚಿಂತೆ ಇದೆ. "ನಾನು ಅಷ್ಟು ಜಾಣೆನಾ" ಅನ್ನೋದು. ಮೂರಕ್ಕೂ ನನಗೆ ತಿಳಿದಷ್ಟು ಹೇಳುತ್ತೇನೆ. ನಾನು ಎರಡು ವರ್ಷ ಕಾರ್ಖಾನೆಯಲ್ಲಿ ದುಡಿದು, ಆಮೇಲೆ ಮೂವತ್ತು ವರ್ಷಕ್ಕೂ ಜಾಸ್ತಿ ಕೆಮಿಕಲ್ ಎಂಜಿನಿಯರಿಂಗ್ ಪಾಠ ಮಾಡಿದವನು. ನಿಮ್ಮ ಮಾವನ ಮಾತು ಕೇಳಿ ಸಿಟ್ಟೇನೂ ಬರಲಿಲ್ಲ. ಅದರಲ್ಲಿ ಅರ್ಧ ನಿಜ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಶರ್ಮಾ ಅವರ ವಿಷಯ. 27 ಅನ್ನೋದು ನಿಜ. ಮನಮೋಹನ ಶರ್ಮಾ ಹುಟ್ಟಿದ್ದು 1937ರಲ್ಲಿ, ಜೋಧಪುರದಲ್ಲಿ. ಮುಂಬೈನ ಮಾತುಂಗಾದಲ್ಲಿರುವ ಯುಡಿಸಿಟಿ ಅನ್ನೋ ರಾಸಾಯನಿಕ ತಂತ್ರಜ್ಞಾನದ ಕಾಲೇಜಿನಲ್ಲಿ, ಅಂದರೆ ಈಗ ಐಸಿಟಿ ಅನ್ನುತ್ತೀವಲ್ಲ ಅಲ್ಲಿ, 1958ರಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಪದವಿ ಮುಗಿಸಿದರು. ಅಲ್ಲಿಂದ ಕೇಂಬ್ರಿಡ್ಜ್‌ಗೆ ಹೋಗಿ 1964ರಲ್ಲಿ ಪಿಎಚ್.ಡಿ. ಮುಗಿಸಿ, ಅದೇ ವರ್ಷ ತಾವು ಓದಿದ ಜಾಗಕ್ಕೇ ಪ್ರೊಫೆಸರಾಗಿ ಬಂದರು. ಈಗ ಇದನ್ನು ಓದಿ "ನನಗೂ 27 ಆಗೋದರೊಳಗೆ" ಅಂತ ಲೆಕ್ಕ ಹಾಕಲು ಹೋಗಬೇಡಿ. ಆಗ ಈ ವಿಷಯದಲ್ಲಿ ಪಿಎಚ್.ಡಿ. ಆದವರೇ ದೇಶದಲ್ಲಿ ಅಪರೂಪ. ಇವತ್ತು ಅಸಿಸ್ಟೆಂಟ್, ಅಸೋಸಿಯೇಟ್, ಪ್ರೊಫೆಸರ್ ಅಂತ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು, ಒಂದೊಂದು ಮೆಟ್ಟಿಲಿಗೂ ಇಷ್ಟಿಷ್ಟು ವರ್ಷ ಅಂತ ನಿಯಮ. ಐಐಟಿಗಳಲ್ಲಿ ಪೂರ್ಣ ಪ್ರಮಾಣದ ಅಸಿಸ್ಟೆಂಟ್ ಪ್ರೊಫೆಸರ್ ಆಗಲಿಕ್ಕೇ ಪಿಎಚ್.ಡಿ. ಆದಮೇಲೆ ಮೂರು ವರ್ಷದ ಅನುಭವ ಬೇಕು. ಹಾಗಾಗಿ ಆ 27 ಅನ್ನೋದನ್ನು ಗೋಡೆ ಮೇಲೆ ಬರೆದುಕೊಂಡಿದ್ದರೆ ಅಳಿಸಿಬಿಡಿ.

ಅವರ ಬದುಕಿನಲ್ಲಿ ನೋಡಬೇಕಾದದ್ದು ಬೇರೆ. ಯಾರ ಹತ್ತಿರ ಕಲಿತರು, ಯಾವ ಪ್ರಶ್ನೆ ಹಿಡಿದರು ಅನ್ನೋದು.

ಕೇಂಬ್ರಿಡ್ಜ್‌ನಲ್ಲಿ ಅವರ ಗೈಡ್ ಪೀಟರ್ ಡಾಂಕ್‌ವರ್ಟ್ಸ್. ಆ ಮನುಷ್ಯನದು ಸಿನಿಮಾ ಮಾಡಬಹುದಾದ ಕಥೆ. ಆಕ್ಸ್‌ಫರ್ಡ್‌ನಲ್ಲಿ ಕೆಮಿಸ್ಟ್ರಿ ಓದಿದ ಹುಡುಗ. 1940ರಲ್ಲಿ ಲಂಡನ್ ಮೇಲೆ ಜರ್ಮನರು ಪ್ಯಾರಾಶೂಟ್ ಕಟ್ಟಿ ಮೈನ್‌ಗಳನ್ನು ಬಿಡುತ್ತಿದ್ದಾಗ, ನೌಕಾಪಡೆಯ ಕಿರಿಯ ಅಧಿಕಾರಿಯಾಗಿ ಅವನ್ನು ಒಂದೊಂದಾಗಿ ನಿಷ್ಕ್ರಿಯ ಮಾಡಿ, ಜಾರ್ಜ್ ಕ್ರಾಸ್ ಅನ್ನೋ ಬ್ರಿಟನ್ನಿನ ಶೌರ್ಯ ಪದಕ ಪಡೆದವರು. ಯುದ್ಧ ಮುಗಿದ ಮೇಲೆ ಅಮೆರಿಕದ ಎಂಐಟಿಗೆ ಹೋಗಿ ಕೆಮಿಕಲ್ ಎಂಜಿನಿಯರಿಂಗ್ ಕಲಿತರು. ನಿಮ್ಮ ಮಾಸ್ ಟ್ರಾನ್ಸ್‌ಫರ್ ಪುಸ್ತಕದಲ್ಲಿ, ಅಂದರೆ ವಸ್ತು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗುವುದರ ಪಾಠದಲ್ಲಿ, ಸರ್ಫೇಸ್ ರಿನ್ಯೂವಲ್ (ಮೇಲ್ಮೈ ಹೊಸದಾಗುವ) ಸಿದ್ಧಾಂತ ಬರುತ್ತಲ್ಲ, 1951ರಲ್ಲಿ ಅದನ್ನು ಕೊಟ್ಟವರು ಇವರೇ. ಪುಸ್ತಕದಲ್ಲಿ ಅದು ಒಂದು ಒಣ ಸಮೀಕರಣ. ನಾನು ಕ್ಲಾಸಿನಲ್ಲಿ ಕಾಫಿ ಲೆಕ್ಕದಲ್ಲಿ ಹೇಳುತ್ತಿದ್ದೆ. ಬಿಸಿ ಕಾಫಿಯನ್ನು ಲೋಟದಲ್ಲಿ ಸುಮ್ನೆ ಇಟ್ಟರೆ ಬೇಗ ಆರುವುದಿಲ್ಲ, ಲೋಟದಿಂದ ಬಟ್ಟಲಿಗೆ ಎತ್ತಿ ಸುರಿದರೆ ಆರುತ್ತೆ. ಯಾಕೆ? ಒಳಗಿನ ಬಿಸಿ ಕಾಫಿ ಹೊಸ ಹೊಸದಾಗಿ ಮೇಲಕ್ಕೆ ಬಂದು ಗಾಳಿಗೆ ಮುಖ ಒಡ್ಡುತ್ತೆ. ಮೇಲಿನ ಪದರ ಹಳತಾಗುವ ಮೊದಲೇ ಅದನ್ನು ತಳ್ಳಿ ಇನ್ನೊಂದು ಬರುತ್ತೆ. ಅನಿಲ ದ್ರವದಲ್ಲಿ ಕರಗುವಾಗಲೂ ಹಾಗೇ. ಅಷ್ಟೇ ಸಿದ್ಧಾಂತ. ಉಳಿದದ್ದು ಗಣಿತ.

ಶರ್ಮಾ ಹಿಡಿದ ಕೆಲಸ ಇದರದೇ ಮುಂದುವರಿಕೆ. ಅನಿಲ ಬರೀ ಕರಗದೆ, ಕರಗುತ್ತಲೇ ಪ್ರತಿಕ್ರಿಯೆ ಕೂಡ ನಡೆಸಿದರೆ ಏನಾಗುತ್ತೆ? ಕೇಳೋಕೆ ಸಣ್ಣ ಪ್ರಶ್ನೆ. ಆದರೆ ಗೊಬ್ಬರದ ಕಾರ್ಖಾನೆ, ಪೆಟ್ರೋಕೆಮಿಕಲ್, ಹೊಗೆಯಿಂದ ಕಾರ್ಬನ್ ಡೈಆಕ್ಸೈಡ್ ತೆಗೆಯುವುದು, ಎಲ್ಲ ಕಡೆ ಇದೇ ನಡೆಯುತ್ತಿರುತ್ತೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ತುಣುಕು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ. ಮೂರಾಳು ಎತ್ತರದ ಒಂದು ಟ್ಯಾಂಕು. ತುಂಬ ದ್ರವ, ಕೆಳಗಿನಿಂದ ಅನಿಲ ಬಿಡುತ್ತಿದ್ದಾರೆ, ನಡುವೆ ಕಲಕುವ ರೆಕ್ಕೆ ತಿರುಗುತ್ತಿದೆ. ಲಕ್ಷಾಂತರ ಗುಳ್ಳೆ. ಆ ಗುಳ್ಳೆಗಳ ಮೈಯನ್ನೆಲ್ಲ ಬಿಡಿಸಿ ಚಾಪೆ ಹಾಸಿದ ಹಾಗೆ ಹಾಸಿದರೆ ಒಟ್ಟು ಎಷ್ಟು ಚದರ ಮೀಟರ್ ಆದೀತು? ಇದು ಗೊತ್ತಾಗದೆ ಟ್ಯಾಂಕು ಎಷ್ಟು ದೊಡ್ಡದು ಬೇಕು ಅಂತ ಹೇಳಲು ಆಗೋದಿಲ್ಲ. ಫೋಟೋ ತೆಗೆದು ಎಣಿಸೋಣ ಅಂದರೆ ಗಾಜಿನ ಗೋಡೆ ಪಕ್ಕದ ಗುಳ್ಳೆ ಮಾತ್ರ ಕಾಣುತ್ತೆ, ಒಳಗಿನದು ಕಾಣೋದೇ ಇಲ್ಲ. ಹಾಗಾದರೆ ಕೆಮಿಸ್ಟ್ರಿಯಿಂದಲೇ ಅಳೆಯೋಣ ಅಂದರು. ಸುಣ್ಣದ ತಿಳಿನೀರಿಗೆ ಊದಿದರೆ ಅದು ಹಾಲಿನ ಹಾಗೆ ಬೆಳ್ಳಗಾಗುವುದನ್ನು ಹೈಸ್ಕೂಲಿನಲ್ಲಿ ನೋಡಿದ್ದೀರಿ ಅಲ್ವಾ? ಅದೇ ಜಾತಿಯ ಆಟ. ಟ್ಯಾಂಕಿಗೆ ಕಾಸ್ಟಿಕ್ ಸೋಡಾ ದ್ರಾವಣ ತುಂಬಿ, ಗಾಳಿಗೆ ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ಬೆರೆಸಿ ಬಿಡಬೇಕು. ಆ ಪ್ರತಿಕ್ರಿಯೆ ಎಷ್ಟು ಚುರುಕು ಅಂದರೆ, ಅನಿಲ ಗುಳ್ಳೆಯ ಅಂಚು ದಾಟುತ್ತಿದ್ದ ಹಾಗೆ, ಆ ತೆಳು ಪದರದಲ್ಲೇ ಮುಗಿದುಹೋಗುತ್ತೆ. ಹಾಗಾಗಿ ಒಂದು ಚದರ ಸೆಂಟಿಮೀಟರ್ ಮೈ ಸೆಕೆಂಡಿಗೆ ಎಷ್ಟು ಅನಿಲ ಹೀರುತ್ತೆ ಅನ್ನೋದು ರಸಾಯನದ ಗುಣದಿಂದಲೇ ನಿಗದಿ, ನೀವು ಜೋರಾಗಿ ಕಲಕಿದರೂ ಮೆಲ್ಲಗೆ ಕಲಕಿದರೂ ಅದು ಅಷ್ಟೇ. ಒಟ್ಟು ಸೆಕೆಂಡಿಗೆ ಎಷ್ಟು ಹೀರಿತು ಅಂತ ಟೈಟ್ರೇಶನ್ ಮಾಡಿ, ಅಂದರೆ ಬ್ಯುರೆಟ್ ಅನ್ನೋ ಅಳತೆಯ ಗಾಜಿನ ಕೊಳವೆಯಿಂದ ಹನಿ ಹನಿ ಆಮ್ಲ ಬಿಟ್ಟು, ಅಳೆಯಿರಿ. ಅದನ್ನು ಒಂದು ಚದರ ಸೆಂಟಿಮೀಟರ್ ಹೀರುವ ಲೆಕ್ಕದಿಂದ ಭಾಗಿಸಿ. ಗುಳ್ಳೆಗಳ ಒಟ್ಟು ಮೈ ಎಷ್ಟು ಅಂತ ಬಂತು!

ಬ್ಯುರೆಟ್ ಹಿಡಿದು, ಕಣ್ಣಿಗೆ ಕಾಣದ್ದನ್ನು ಅಳೆದರು ನೋಡಿ. ಡಾಂಕ್‌ವರ್ಟ್ಸ್ ಮತ್ತು ಶರ್ಮಾ ಈ ವಿಧಾನಗಳನ್ನು ಬೆಳೆಸಿದವರಲ್ಲಿ ಮುಖ್ಯರು. 1970ರಲ್ಲಿ ಇಬ್ಬರೂ ಸೇರಿ ಇದರ ಬಗ್ಗೆ ಬರೆದ ಲೇಖನವನ್ನು ನಾವು ವಿದ್ಯಾರ್ಥಿಗಳಾಗಿದ್ದಾಗ ಜೆರಾಕ್ಸ್‌ನ ಜೆರಾಕ್ಸ್‌ನಲ್ಲಿ ಓದಿದ್ದೇವೆ. ಈ ಕೆಲಸಕ್ಕೆ ಕೋಟಿಗಟ್ಟಲೆಯ ಯಂತ್ರ ಬೇಕಿರಲಿಲ್ಲ. ಗಾಜಿನ ಪಾತ್ರೆ, ಕಲಕುವ ಮೋಟರು, ಬ್ಯುರೆಟ್ಟು. ಬೇಕಾಗಿದ್ದು ಸರಿಯಾದ ಪ್ರಶ್ನೆ. ಅಂಥ ಪ್ರಶ್ನೆಯನ್ನು ಮಾತುಂಗಾದಲ್ಲಿ ಕೂತೂ ಹಿಡಿಯಬಹುದಿತ್ತು, ಜಗತ್ತು ಅದನ್ನು ಓದುತ್ತಿತ್ತು.

ಇಲ್ಲಿಗೆ ನಿಮ್ಮ ಸೀನಿಯರ್‌ಗಳ ಮಾತು ಬರುತ್ತೆ. ವಿದೇಶದ ಪಿಎಚ್.ಡಿ. ಇಲ್ಲದಿದ್ದರೆ ಬೆಲೆ ಇಲ್ಲವಂತೆ. ಶರ್ಮಾ ಅವರೇನೋ ವಿದೇಶಕ್ಕೆ ಹೋದರು, ಸರಿ. ಅವರ ಶಿಷ್ಯರನ್ನು ನೋಡಿ. ಆರ್. ಎ. ಮಾಶೆಲ್ಕರ್ 1969ರಲ್ಲಿ ಪಿಎಚ್.ಡಿ. ಮಾಡಿದ್ದು ಮಾತುಂಗಾದಲ್ಲೇ, ಶರ್ಮಾ ಅವರ ಕೈಕೆಳಗೆ. ಮುಂದೆ ಅವರು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕರಾದರು, 1995ರಿಂದ 2006ರವರೆಗೆ ದೇಶದ ಅಂಥ ಸರ್ಕಾರಿ ಪ್ರಯೋಗಾಲಯಗಳನ್ನೆಲ್ಲ ನಡೆಸುವ ಸಿಎಸ್‌ಐಆರ್‌ನ ಮುಖ್ಯಸ್ಥರು. ನಮ್ಮ ಅರಿಶಿನಕ್ಕೆ ಅಮೆರಿಕದಲ್ಲಿ ಕೊಟ್ಟಿದ್ದ ಪೇಟೆಂಟನ್ನು ಸಿಎಸ್‌ಐಆರ್ 1997ರಲ್ಲಿ ರದ್ದು ಮಾಡಿಸಿದ್ದು ಇವರ ಕಾಲದಲ್ಲೇ. ಜೆ. ಬಿ. ಜೋಶಿ, ಜಿ. ಡಿ. ಯಾದವ್ ಇವರೂ ಶರ್ಮಾ ಅವರ ಶಿಷ್ಯರೇ, ಅಲ್ಲೇ ಪಿಎಚ್.ಡಿ. ಮಾಡಿ ಒಬ್ಬರ ನಂತರ ಒಬ್ಬರು ಅದೇ ಸಂಸ್ಥೆಯನ್ನು ನಡೆಸಿದರು. ಬೆಲೆ ಇಲ್ಲ ಅಂತೀರಾ?

ಹಾಗಂತ ವಿದೇಶ ಬೇಡ ಅನ್ನೋದೂ ಇನ್ನೊಂದು ಭ್ರಮೆ. ನಮ್ಮ ಬೆಂಗಳೂರಿನಲ್ಲೇ 1927ರಲ್ಲಿ ಹುಟ್ಟಿದ ಎಲ್. ಕೆ. ದೊರೈಸ್ವಾಮಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1952ರಲ್ಲಿ ಪಿಎಚ್.ಡಿ. ಮಾಡಿದರು. ಆದರೆ ವಾಪಸ್ ಬಂದು ಅವರು ಸೇರಿದ್ದು ಕಾಲೇಜಿಗಲ್ಲ, ಪುಣೆಯ ಅದೇ ಪ್ರಯೋಗಾಲಯಕ್ಕೆ. 1978ರಿಂದ 1989ರವರೆಗೆ ಅದರ ನಿರ್ದೇಶಕರು. ನಿವೃತ್ತಿಯ ವಯಸ್ಸು ದಾಟಿದ ಮೇಲೆ ಅಮೆರಿಕದ ಅಯೋವಾಕ್ಕೆ ಹೋಗಿ ಪ್ರೊಫೆಸರಾದರು, ಅಂದರೆ ನಿಮ್ಮ ಮಾವನ ಲೆಕ್ಕದಲ್ಲಿ ಅರವತ್ತಕ್ಕೆ ಮೇಷ್ಟ್ರು! ಇವರು ಮತ್ತು ಶರ್ಮಾ ಸೇರಿ 1984ರಲ್ಲಿ ಹೊರತಂದ ಎರಡು ಸಂಪುಟಗಳ ಪುಸ್ತಕ ರಿಯಾಕ್ಷನ್ ಎಂಜಿನಿಯರಿಂಗ್ ಮಾಡುವವರ ಕಪಾಟಿನಲ್ಲಿ ಈಗಲೂ ಇರುತ್ತೆ. ಒಬ್ಬರದು ಕಾಲೇಜಿನ ದಾರಿ, ಇನ್ನೊಬ್ಬರದು ಸರ್ಕಾರಿ ಪ್ರಯೋಗಾಲಯದ ದಾರಿ. ಪುಸ್ತಕ ಒಂದೇ.

ಶರ್ಮಾ ಅವರ ಬಿರುದು ಬಾವಲಿಗಳ ಪಟ್ಟಿ ನಿಮ್ಮ ಮೇಡಂ ಹೇಳಿರುತ್ತಾರೆ. 1990ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ, 2001ರಲ್ಲಿ ಪದ್ಮವಿಭೂಷಣ ಇತ್ಯಾದಿ. ಕಳೆದ 2025ರ ಜೂನ್‌ನಲ್ಲಿ ಅವರ ಹಳೇ ವಿದ್ಯಾರ್ಥಿ ಮುಕೇಶ್ ಅಂಬಾನಿ ಗುರುದಕ್ಷಿಣೆ ಅಂತ ಐಸಿಟಿಗೆ 151 ಕೋಟಿ ರೂಪಾಯಿ ಕೊಟ್ಟ ಸುದ್ದಿಯೂ ಬಂದಿತ್ತು. ಮಾವನಿಗೆ ಇದನ್ನು ಮಾತ್ರ ಮರೆಯದೆ ಹೇಳಿ.

ಈಗ ಮಾವನ ಮಾತಿನಲ್ಲಿರುವ ನಿಜ. ಕೆಲಸ ಸಿಗದೆ ಮೇಷ್ಟ್ರಾದವರು ಇದ್ದಾರೆ, ಬೇಕಾದಷ್ಟು ಜನ. ಬಿ.ಇ. ಮುಗಿಸಿ, ಎಲ್ಲೂ ಆಗದೆ, ಅಲ್ಲೇ ಎಂ.ಟೆಕ್. ಮಾಡಿ, ಊರ ಪಕ್ಕದ ಖಾಸಗಿ ಕಾಲೇಜಿಗೆ ಸೇರಿ, ನೋಟ್ಸ್ ಓದಿಸುವವರು. ಅದರಲ್ಲಿ ಅವರ ತಪ್ಪೂ ಪೂರ್ತಿ ಇಲ್ಲ. ನಾನು ಕಾರ್ಖಾನೆ ಬಿಟ್ಟು ಮೊದಲು ಸೇರಿದ ಕಾಲೇಜಿನಲ್ಲಿ ಸಂಬಳದ ರಸೀದಿ ಮೇಲೆ ಒಂದು ಮೊತ್ತ, ಕೈಗೆ ಬರುತ್ತಿದ್ದದ್ದು ಇನ್ನೊಂದು. ಮೂರು ತಿಂಗಳು ಅದೂ ಬರಲಿಲ್ಲ. ವಾರಕ್ಕೆ ಇಪ್ಪತ್ತೆರಡು ಗಂಟೆ ಪಾಠ, ಮೇಲೆ ಅಡ್ಮಿಷನ್ ಸೀಸನ್‌ನಲ್ಲಿ ಊರೂರು ತಿರುಗಿ ಮಕ್ಕಳನ್ನು ಹಿಡಿದು ತರುವ ಕೆಲಸ. ಅಂಥ ಕಡೆ ಶರ್ಮಾ ಅವರೇ ಬಂದು ಕೂತರೂ ರಿಸರ್ಚ್ ನಡೆಯೋದು ಕಷ್ಟ. ಮಾವ ನೋಡಿರುವ ಮೇಷ್ಟ್ರು ಇವರು. ನೀವು ಹೇಳುತ್ತಿರುವುದು ಬೇರೆ ಕೆಲಸ, ಹೆಸರು ಮಾತ್ರ ಒಂದೇ. ಈ ವ್ಯತ್ಯಾಸವನ್ನು ಮನೆಯಲ್ಲಿ ಬಿಡಿಸಿ ಹೇಳದೆ ಎಷ್ಟು ವಾದ ಮಾಡಿದರೂ ಇಬ್ಬರೂ ಬೇರೆ ಬೇರೆ ವಿಷಯ ಮಾತಾಡುತ್ತಿರುತ್ತೀರಿ.

ಕೆಮಿಕಲ್ ಓದಿದವರೆಲ್ಲ ಸಾಫ್ಟ್‌ವೇರ್‌ಗೆ ಯಾಕೆ ಹೋಗುತ್ತಾರೆ ಅಂದರೆ ವಿಷಯ ಸತ್ತುಹೋಗಿದೆ ಅಂತಲ್ಲ. ದೊಡ್ಡ ಕಾರ್ಖಾನೆಗಳು ಜಾಮ್‌ನಗರ, ದಹೇಜ್, ಹಾಲ್ಡಿಯಾ, ನಮ್ಮಲ್ಲಾದರೆ ಮಂಗಳೂರು, ಹೀಗೆ ಸಮುದ್ರದ ಅಂಚಿನಲ್ಲಿವೆ. ಸಾಫ್ಟ್‌ವೇರ್ ಬೆಂಗಳೂರಿನಲ್ಲಿದೆ. ಕಾರ್ಖಾನೆಯವರು ವರ್ಷಕ್ಕೆ ನಾಲ್ಕು ಜನರನ್ನು ತಗೊಂಡರೆ ಇವರು ಒಂದೇ ದಿನ ನಲವತ್ತು. ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗಕ್ಕೆ ಬೇಕಾದದ್ದು ಸಂಖ್ಯೆ. ಹೆಣ್ಣುಮಕ್ಕಳಿಗೆ ಇನ್ನೊಂದು ತೊಡಕು ಇತ್ತು. ಕಾರ್ಖಾನೆ ಕಾಯ್ದೆ ರಾತ್ರಿ ಪಾಳಿಗೆ ಅವರನ್ನು ಬಿಡುತ್ತಿರಲಿಲ್ಲ, ಹಾಗಾಗಿ ಕಂಪನಿಗಳು ಅವರನ್ನು ತಗೊಳ್ಳಲಿಕ್ಕೇ ಹಿಂದೆ ಮುಂದೆ ನೋಡುತ್ತಿದ್ದವು. ಈಗ ಕರ್ನಾಟಕವೂ ಸೇರಿ ಹಲವು ಕಡೆ ಷರತ್ತು ಹಾಕಿ ಸಡಿಲ ಮಾಡಿದ್ದಾರೆ. ಆದರೂ ಆ ಹಳೇ ಅಭ್ಯಾಸ ಪೂರ್ತಿ ಹೋಗಿಲ್ಲ.

ದುಡ್ಡಿನ ಲೆಕ್ಕ ಹಾಕೋಣ. 4 ಲಕ್ಷ ಅಂದರೆ ತಿಂಗಳಿಗೆ 33 ಸಾವಿರ ಚಿಲ್ಲರೆ, ಪಿಎಫ್ ಅದು ಇದು ಕಳೆದು ಕೈಗೆ ಇನ್ನೂ ಕಮ್ಮಿ, ಅದರಲ್ಲಿ ಬೆಂಗಳೂರಿನ ಪಿಜಿ ಬಾಡಿಗೆ. ಐಐಎಸ್‌ಸಿ, ಐಐಟಿ, ಸುರತ್ಕಲ್‌ನ ಎನ್‌ಐಟಿಕೆ ಇಂಥ ಕಡೆ ಪಿಎಚ್.ಡಿ. ವಿದ್ಯಾರ್ಥಿವೇತನ 2023ರಿಂದ ಮೊದಲೆರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ಪ್ರಧಾನಮಂತ್ರಿ ರಿಸರ್ಚ್ ಫೆಲೋಶಿಪ್ ಸಿಕ್ಕರೆ ಶುರುವಿಗೇ 70,000, ಆದರೆ ಅದು ಸಿಗೋದು ಕಷ್ಟ. ಅಂದರೆ "ಓದುತ್ತಾ ಕೂತರೆ ದುಡ್ಡಿಲ್ಲ" ಅನ್ನೋದು ನಿಮ್ಮ ವಿಷಯದಲ್ಲಿ ಲೆಕ್ಕಕ್ಕೇ ನಿಲ್ಲುವುದಿಲ್ಲ. ಎಂ.ಟೆಕ್. ಮಾತ್ರ ಬೇರೆ, ಗೇಟ್ ಪ್ರವೇಶ ಪರೀಕ್ಷೆಯ ಅಂಕದ ಮೇಲೆ ಸೇರಿದರೆ ತಿಂಗಳಿಗೆ 12,400 ಅಷ್ಟೇ, ಮನೆಯಿಂದ ಸ್ವಲ್ಪ ತರಿಸಿಕೊಳ್ಳಬೇಕಾದೀತು.

ಆದರೆ ಪೂರ್ತಿ ಲೆಕ್ಕ ಹೇಳದಿದ್ದರೆ ನಾನು ಮೋಸ ಮಾಡಿದ ಹಾಗೆ. ಐದು ವರ್ಷ ಆದಮೇಲೆ ನೀವು ಥೀಸಿಸ್ ಬರೆಯುತ್ತಾ ಹಾಸ್ಟೆಲ್ ರೂಮಿನಲ್ಲಿರುವಾಗ, ಇವತ್ತು ಆ ಆಫರ್ ಒಪ್ಪಿಕೊಂಡ ನಿಮ್ಮ ಗೆಳತಿ ಸಂಬಳದಲ್ಲಿ ಎಲ್ಲೋ ಹೋಗಿರುತ್ತಾಳೆ. ಫ್ಲಾಟ್‌ಗೆ ಅಡ್ವಾನ್ಸ್ ಕೊಟ್ಟಿರಬಹುದು. ಆಮೇಲೆ ನಿಮಗೆ ಐಐಟಿ ಸಿಕ್ಕರೆ ಏಳನೇ ವೇತನ ಆಯೋಗದ ಪ್ರಕಾರ ಮೂಲವೇತನ 1,01,500ರಿಂದ ಶುರು, ಯುಜಿಸಿ ವೇತನ ಕೊಡುವ ಬೇರೆ ಕಾಲೇಜಾದರೆ 57,700ರಿಂದ, ಇವೆರಡರ ಮೇಲೆ ಭತ್ಯೆ. ಸಿಗದಿದ್ದರೆ? ಇದೇ ನಿಜವಾದ ಅಪಾಯ. ಒಂದು ಹುದ್ದೆಗೆ ನೂರಾರು ಅರ್ಜಿ ಬರುತ್ತೆ. ಒಳ್ಳೆ ಪಿಎಚ್.ಡಿ. ಮಾಡಿ, ಪೋಸ್ಟ್‌ಡಾಕ್ ಅಂತ ಅದರ ಮೇಲಿನ ತಾತ್ಕಾಲಿಕ ರಿಸರ್ಚ್ ಕೆಲಸ ಮಾಡಿ, ಕಾಯುತ್ತಾ ಕೂತವರು ನನ್ನ ವಿದ್ಯಾರ್ಥಿಗಳಲ್ಲೇ ಇದ್ದಾರೆ. ಕೆಲವರು ಕಂಪನಿಗಳ ಆರ್ ಅಂಡ್ ಡಿಗೆ ಹೋದರು, ಚೆನ್ನಾಗೇ ಇದ್ದಾರೆ. ಪ್ರೊಫೆಸರ್ ಆಗದಿದ್ದರೂ ಈ ಐದು ವರ್ಷ ಹಾಳಾಗಲಿಲ್ಲ ಅಂತ ಅನ್ನಿಸುವಷ್ಟು ಇಷ್ಟ ಇದ್ದರೆ ಮಾತ್ರ ಸೇರಿ.

"ನಾನು ಅಷ್ಟು ಜಾಣೆನಾ" ಅನ್ನೋದಕ್ಕೆ ಒಬ್ಬರ ಕಥೆ ಹೇಳಿ ಮುಂದೆ ಹೋಗುತ್ತೇನೆ. ಎಂಐಟಿಯ ರಾಬರ್ಟ್ ಲ್ಯಾಂಗರ್. 1974ರಲ್ಲಿ ಡಾಕ್ಟರೇಟ್ ಮುಗಿಸಿದಾಗ ತೈಲದ ಬಿಕ್ಕಟ್ಟಿನ ಕಾಲ, ಕೆಮಿಕಲ್ ಎಂಜಿನಿಯರ್‌ಗಳಿಗೆ ಎಣ್ಣೆ ಕಂಪನಿಗಳು ಬಾಗಿಲು ತೆಗೆದು ಕರೆಯುತ್ತಿದ್ದವು. ಸುಮಾರು 20 ಆಫರ್ ಬಂದಿತ್ತು, ನಾಲ್ಕು ಎಕ್ಸಾನ್ ಒಂದರಿಂದಲೇ. ಎಲ್ಲ ಬಿಟ್ಟು ಬಾಸ್ಟನ್‌ನಲ್ಲಿ ಜೂಡಾ ಫೋಕ್‌ಮನ್ ಅನ್ನೋ ಸರ್ಜನ್ ಹತ್ತಿರ ಸೇರಿಕೊಂಡರು. ಪ್ಲಾಸ್ಟಿಕ್ಕಿನಂಥ ಪಾಲಿಮರ್ ಒಳಗಿನಿಂದ ದೊಡ್ಡ ಪ್ರೋಟೀನ್ ಅಣುಗಳನ್ನು ಮೆಲ್ಲಗೆ ಹೊರಗೆ ಬಿಡಿಸೋದು ಅವರ ಕೆಲಸ. ಆಗೋದೇ ಇಲ್ಲ ಅಂತ ಜನ ನಕ್ಕರು. ಮೊದಲ ಒಂಬತ್ತು ಅನುದಾನದ ಅರ್ಜಿ ತಿರಸ್ಕಾರ. ಯಾವ ಕೆಮಿಕಲ್ ಎಂಜಿನಿಯರಿಂಗ್ ವಿಭಾಗವೂ ಕೆಲಸ ಕೊಡಲಿಲ್ಲ, ಕೊನೆಗೆ ಎಂಐಟಿಯ ಆಹಾರ ವಿಜ್ಞಾನ ವಿಭಾಗದಲ್ಲಿ ಜಾಗ ಸಿಕ್ಕಿತು. ಮುಂದೆ ಅವರು ಮಾಡೆರ್ನಾ ಕಂಪನಿಯ ಸ್ಥಾಪಕರಲ್ಲಿ ಒಬ್ಬರು, ಕೋವಿಡ್ ಲಸಿಕೆ ಮಾಡಿದ ಅದೇ ಕಂಪನಿ. ಒಂಬತ್ತು ಸಲ ಬೇಡ ಅನ್ನಿಸಿಕೊಂಡವರಿಗೆ ಸಿಜಿಪಿಎ ಎಷ್ಟಿತ್ತು ಅಂತ ಯಾರೂ ಕೇಳೋದಿಲ್ಲ. ನಿಮ್ಮ 8.4 ಒಳಗೆ ಹೋಗಲು ಸಾಕು. ಒಳಗೆ ಹೋದಮೇಲೆ ಅದರಿಂದ ಉಪಯೋಗ ಇಲ್ಲ.

ಹಾಗಾದರೆ ದಾರಿ ಯಾವುದು? ಸಾಫ್ಟ್‌ವೇರ್ ಕೆಲಸ ಒಪ್ಪಿಕೊಂಡು, ಎರಡು ವರ್ಷ ದುಡಿದು, ಪಕ್ಕದಲ್ಲಿ ಗೇಟ್ ಓದುತ್ತೇನೆ ಅಂತ ಬಹಳ ಮಂದಿ ಹೇಳುತ್ತಾರೆ. ಮನೆಗೆ ದುಡ್ಡಿನ ತುರ್ತು ಇದ್ದರೆ ಅದು ತಪ್ಪಲ್ಲ, ಆದರೆ ವಾಪಸ್ ಬಂದವರನ್ನು ನಾನು ಬೆರಳೆಣಿಕೆಯಲ್ಲಿ ನೋಡಿದ್ದೇನೆ. ಸಂಬಳದ ರುಚಿ ಒಂದು ಕಡೆ, ಗಣಿತಕ್ಕೆ ತುಕ್ಕು ಹಿಡಿಯೋದು ಇನ್ನೊಂದು ಕಡೆ. ಈ ದಾರಿಗೆ ಹೋದರೆ ವಾಪಸ್ ಬರುವ ತಾರೀಕನ್ನು ಈಗಲೇ ಅಪ್ಪನ ಮುಂದೆ ಹೇಳಿಬಿಡಿ.

ನನ್ನನ್ನು ಕೇಳಿದರೆ, ಕಾರ್ಖಾನೆಯ ಕೆಲಸ ಒಂದು ಸಿಕ್ಕರೆ ಎರಡು ವರ್ಷ ಮಾಡಿ ಬರೋದು ಎಲ್ಲಕ್ಕಿಂತ ಒಳ್ಳೆಯದು. ಪಂಪಿನ ಸದ್ದು ಬದಲಾದ ಕೂಡಲೇ ಆಪರೇಟರ್ ತಲೆ ಎತ್ತಿ ನೋಡುತ್ತಾನಲ್ಲ, ಅದನ್ನು ಕಂಡವರು ಮಾಡುವ ಪಾಠವೇ ಬೇರೆ. ಶರ್ಮಾ ಅವರೂ ಉದ್ದಕ್ಕೂ ಕಾರ್ಖಾನೆಗಳಿಗೆ ಸಲಹೆಗಾರರಾಗಿದ್ದವರು. ಅವರ ಪ್ರಶ್ನೆಗಳು ಆ ಕಡೆಯಿಂದಲೂ ಬರುತ್ತಿದ್ದವು. ಅಪಾಯ ಅಂದರೆ, ಆ ಎರಡು ವರ್ಷದಲ್ಲಿ ಮನೆಯವರು ಮದುವೆ ಮಾತು ತೆಗೆಯುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ನಿಮ್ಮ ಹತ್ತಿರ ಇರಬೇಕು.

ಮೂರನೆಯದು, ನೇರ ಪಿಎಚ್.ಡಿ. ಒಳ್ಳೆ ಗೇಟ್ ಅಂಕ ಇದ್ದರೆ ಐಐಎಸ್‌ಸಿ, ಐಐಟಿಗಳು ಬಿ.ಇ. ಆದವರನ್ನೂ ತಗೊಳ್ಳುತ್ತವೆ. ಎರಡು ವರ್ಷ ಉಳಿಯುತ್ತೆ. ಆದರೆ ಮಧ್ಯೆ ಬೇಡ ಅನ್ನಿಸಿದರೆ ಹೊರಗೆ ಬರುವ ಬಾಗಿಲು ಚಿಕ್ಕದು. ರಿಸರ್ಚ್ ಅಂದರೇನು ಅಂತ ರುಚಿ ನೋಡಿಲ್ಲದಿದ್ದರೆ ಎಂ.ಟೆಕ್. ಮೂಲಕ ಹೋಗೋದು ವಾಸಿ. ಕಮ್ಮಿ ದುಡ್ಡಾದರೂ ಒಂದು ವರ್ಷದ ಪ್ರಾಜೆಕ್ಟ್‌ನಲ್ಲಿ ನಿಮಗೆ ನಿಮ್ಮ ಬಗ್ಗೆ ಗೊತ್ತಾಗುತ್ತೆ. ವಿದೇಶ ಬೇಕು ಅಂದರೆ ಅಮೆರಿಕದ ಪಿಎಚ್.ಡಿ.ಗೆ ಅರ್ಜಿ ಹಾಕಿ. ಅಲ್ಲಿ ಸಾಮಾನ್ಯವಾಗಿ ಫೀಸು ಮನ್ನಾ ಮಾಡಿ ಸ್ಟೈಪೆಂಡ್ ಕೊಡುತ್ತಾರೆ, ಮನೆಯಿಂದ ದೊಡ್ಡ ದುಡ್ಡು ಬೇಡ. ಸಾಲ ಮಾಡಿ ಎಂ.ಎಸ್.ಗೆ ಹೋಗಿ ಅಲ್ಲಿಂದ ಪಿಎಚ್.ಡಿ. ಹಿಡಿಯುತ್ತೇನೆ ಅನ್ನೋದು ಮಾತ್ರ ಬೇಡ. ಅದಕ್ಕಾಗಿ ಭಟ್ಟಿ ಅಡ ಇಡುವ ಮಾತು ಬಂದರೆ ಎದ್ದು ಹೊರಗೆ ಬನ್ನಿ.

ಯಾವ ದಾರಿಯಾದರೂ ಗೈಡ್ ಆರಿಸುವ ದಿನ ಬಂದೇ ಬರುತ್ತೆ, ಅಲ್ಲಿ ನಾನು ಮಾಡಿದ ತಪ್ಪು ಮಾಡಬೇಡಿ. ನಾನು ಹೆಸರು ನೋಡಿ ಆರಿಸಿದೆ. ದೊಡ್ಡ ಹೆಸರು, ನೂರಾರು ಪೇಪರ್. ವರ್ಷಕ್ಕೆ ಎರಡು ಸಲ ಸಿಗುತ್ತಿದ್ದರು, ಅದೂ ಕಾರಿಡಾರಿನಲ್ಲಿ. ನಾಲ್ಕು ವರ್ಷಕ್ಕೆ ಆಗಬೇಕಾದದ್ದು ಏಳು ವರ್ಷ ಆಯಿತು. ಸೇರುವ ಮೊದಲು ಅವರ ಮೂರು ಜನ ಈಗಿನ ವಿದ್ಯಾರ್ಥಿಗಳನ್ನು ಕ್ಯಾಂಟೀನ್‌ಗೆ ಕರೆದು ಟೀ ಕುಡಿಸಿ ಕೇಳಿ: ಸರ್ ಕೊನೇ ಸಲ ನಿಮ್ಮ ಡೇಟಾ ನೋಡಿದ್ದು ಯಾವಾಗ? ನಿಮ್ಮ ಮೊದಲ ಡ್ರಾಫ್ಟ್ ಎಷ್ಟು ದಿನಕ್ಕೆ ವಾಪಸ್ ಬಂತು? ಮಧ್ಯದಲ್ಲಿ ಬಿಟ್ಟುಹೋದವರು ಇದ್ದಾರಾ, ಯಾಕೆ? ಮೂರನೇ ಪ್ರಶ್ನೆಗೆ ಮೂರೂ ಜನ ಮುಖ ಮುಖ ನೋಡಿಕೊಂಡರೆ ಟೀ ದುಡ್ಡು ಕೊಟ್ಟು ಬನ್ನಿ.

ಪ್ರಶ್ನೆ ಆರಿಸುವಾಗಲೂ ಅಷ್ಟೇ, ಜೋರಾದ ಹೆಸರಿನ ವಿಷಯದ ಹಿಂದೆ ಹೋಗಬೇಡಿ. ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲೇ ಆರ್. ಕುಮಾರ್ ಮತ್ತು ಎನ್. ಆರ್. ಕೂಳೂರ್ ಹಿಡಿದ ಪ್ರಶ್ನೆ ಏನು ಗೊತ್ತಾ? ದ್ರವದೊಳಗೆ ಒಂದು ಸಣ್ಣ ರಂಧ್ರದಿಂದ ಗಾಳಿ ಬಿಟ್ಟರೆ ಗುಳ್ಳೆ ಎಷ್ಟು ದೊಡ್ಡದಾಗುತ್ತೆ. ಮೀನಿನ ತೊಟ್ಟಿಯಲ್ಲಿ ಮಕ್ಕಳು ನೋಡುವ ಗುಳ್ಳೆ. ಅದು ಮೊದಲು ರಂಧ್ರದ ಬಾಯಲ್ಲಿ ಕೂತಲ್ಲೇ ಉಬ್ಬುತ್ತೆ, ಆಮೇಲೆ ಮೇಲಕ್ಕೆ ಏಳುತ್ತಾ ಕತ್ತು ಸಣ್ಣಗಾಗಿ ಕಳಚಿಕೊಳ್ಳುತ್ತೆ ಅಂತ ಎರಡು ಹಂತ ಮಾಡಿ ಲೆಕ್ಕ ಕಟ್ಟಿದರು. 1970ರಲ್ಲಿ ಅವರು ಬರೆದದ್ದನ್ನು ಗುಳ್ಳೆ ಬಗ್ಗೆ ಕೆಲಸ ಮಾಡುವವರು ಈಗಲೂ ಎತ್ತಿ ಹೇಳುತ್ತಾರೆ.

ಕೊನೆಗೆ ನಿಮ್ಮ ಅಪ್ಪನ ಭಟ್ಟಿ. ಅದೊಂದು ಸಾಲು ಬರೆದು ನೀವು ಮುಂದೆ ಹೋಗಿಬಿಟ್ಟಿರಿ, ನಾನು ಅಲ್ಲೇ ನಿಂತೆ. ಉಪ್ಪುನೀರು ಚಿಮುಕಿಸಿದ ಅಕ್ಕಿ, ಇನ್ನೂರು ಡಿಗ್ರಿಗೂ ಮೇಲೆ ಕಾದ ಮರಳು, ಕಣ್ಣು ಮಿಟುಕಿಸುವಷ್ಟರಲ್ಲಿ ಕಾಳಿನೊಳಗಿನ ನೀರು ಆವಿಯಾಗಿ ಪಟಪಟ ಅಂತ ಅರಳುತ್ತೆ. ಹೀಟ್ ಟ್ರಾನ್ಸ್‌ಫರ್ ಇದೆ, ಮಾಸ್ ಟ್ರಾನ್ಸ್‌ಫರ್ ಇದೆ, ಎರಡೂ ಒಟ್ಟಿಗೆ. ಅರಳದೆ ಉಳಿಯುವ ಕಾಳನ್ನು ಒಂದು ಹಿಡಿ ತಂದು, ನಿಮ್ಮ ಕಾಲೇಜಿನ ಓವನ್‌ನಲ್ಲಿ ಒಣಗಿಸಿ ತೇವಾಂಶ ತೂಗಿ ನೋಡಿ. ಅಪ್ಪ ಹಳೇ ಮರಳನ್ನು ಯಾವಾಗ ಬದಲಿಸುತ್ತಾರೆ, ಯಾವ ಗುರುತು ನೋಡಿ ಬದಲಿಸುತ್ತಾರೆ ಅಂತ ಕೇಳಿ. ಅವರು ಹೇಳಿದ್ದು ಮತ್ತು ಆ ತೂಕದ ಲೆಕ್ಕ, ಎರಡನ್ನೂ ನನಗೆ ಬರೆದು ಕಳಿಸಿ. ಆಫರ್‌ಗೆ ಉತ್ತರ ಕೊಡಲು ಹೇಗೂ ನಿಮಗೆ ಇನ್ನೂ ಸ್ವಲ್ಪ ದಿನ ಇರಬೇಕಲ್ಲ.